ಒಂದು ಒಪ್ಪಂದ, ಎರಡು ತಪ್ಪು: ಡ್ಯಾನ್ಯೂಬ್ ಅಣೆಕಟ್ಟು ಪ್ರಕರಣದ ಅಧ್ಯಯನ

ಎರಡು ದೇಶಗಳು ಹಂಚಿಕೊಂಡ ನದಿಯ ಅಣೆಕಟ್ಟಿನ ಜಗಳ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ, ಪೂರ್ತಿ ವಿಚಾರಣೆ ನಡೆದು ತೀರ್ಪು ಕಂಡದ್ದು ತೀರಾ ಅಪರೂಪ. ಹಂಗೇರಿ ಮತ್ತು ಸ್ಲೊವಾಕಿಯಾ ನಡುವಿನ ಗಬ್ಚಿಕೊವೊ–ನಾಜ್‌ಮಾರೋಶ್ ಪ್ರಕರಣ ಅಂಥದ್ದು. 1997ರ ಸೆಪ್ಟೆಂಬರ್ 25ರಂದು ತೀರ್ಪು ಬಂತು. ನಮ್ಮಲ್ಲಿ ನದಿ ವಿವಾದ ಎಂದರೆ ಯಾರಿಗೆ ಎಷ್ಟು ಟಿಎಂಸಿ ಎಂಬ ಲೆಕ್ಕವೇ ಮೊದಲು ಕಣ್ಣಿಗೆ ಬರುತ್ತದೆ. ಇಲ್ಲಿ ಜಗಳ ಶುರುವಾದದ್ದು ಬೇರೆ ಕಡೆಯಿಂದ: ಒಟ್ಟಿಗೆ ಕಟ್ಟೋಣ ಎಂದು ಸಹಿ ಹಾಕಿದ ಇಬ್ಬರಲ್ಲಿ ಒಬ್ಬರು ಅರ್ಧ ದಾರಿಯಲ್ಲಿ ‘ನಮಗೆ ಬೇಡ’ ಎಂದರೆ ಏನಾಗಬೇಕು?

ದೇಶಗಳ ಹೆಸರು, ಊರುಗಳ ಹೆಸರು ಮುಚ್ಚಿಟ್ಟು ಈ ಪ್ರಕರಣ ಹೇಳಲು ಬರುವುದಿಲ್ಲ. ವ್ಯಕ್ತಿಗಳ ಹೆಸರನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಇಪ್ಪತ್ತು ವರ್ಷಗಳಲ್ಲಿ ಎರಡೂ ಕಡೆ ಪ್ರಧಾನಿಗಳು ಬದಲಾದರು, ಆಡಳಿತ ವ್ಯವಸ್ಥೆಯೇ ಬದಲಾಯಿತು, ಒಂದು ದೇಶವಂತೂ ಎರಡಾಗಿ ಒಡೆಯಿತು. ಹೆಸರು ಹಿಡಿದು ಹೊರಟರೆ ಯಾರ ತಲೆಗೆ ಕಟ್ಟಬೇಕು ಎಂಬ ಚರ್ಚೆಯಲ್ಲೇ ಕಾಲ ಹೋಗುತ್ತದೆ. ಯಾವ ತಿಂಗಳಲ್ಲಿ ಯಾವ ನಿರ್ಧಾರ ಆಯಿತು ಎಂಬುದು ಇಲ್ಲಿ ಮುಖ್ಯ.

ಯೋಜನೆ

ಬ್ರಾಟಿಸ್ಲಾವಾದಿಂದ ಬುಡಾಪೆಸ್ಟ್‌ವರೆಗೆ ಡ್ಯಾನ್ಯೂಬ್ ನದಿ ಸುಮಾರು 200 ಕಿಲೋಮೀಟರ್ ಹರಿಯುತ್ತದೆ. ಅದರಲ್ಲಿ ದೊಡ್ಡ ಭಾಗ ಎರಡು ದೇಶಗಳ ಗಡಿ. ಈ ಹರಿವಿನ ಮೇಲಿನ ಭಾಗದಲ್ಲಿ ನದಿ ಹತ್ತಾರು ಕವಲಾಗಿ ಹರಡಿ, ಮರಳು–ಜಲ್ಲಿ ತಂದು ಸುರಿದು, ಹಡಗುಗಳಿಗೆ ಕಾಟ ಕೊಡುತ್ತಿತ್ತು. 1965ರಲ್ಲಿ ಬಂದ ಪ್ರವಾಹ ಸ್ಲೊವಾಕ್ ಕಡೆಯ ಬಯಲನ್ನು ಮುಳುಗಿಸಿತ್ತು. ಜೊತೆಗೆ ಎರಡೂ ಸರ್ಕಾರಗಳಿಗೆ ವಿದ್ಯುತ್ ಬೇಕಿತ್ತು. ಈ ಮೂರೂ ಕಾರಣ ಸೇರಿ 1977ರ ಸೆಪ್ಟೆಂಬರ್ 16ರಂದು ಬುಡಾಪೆಸ್ಟ್‌ನಲ್ಲಿ ಹಂಗೇರಿ ಮತ್ತು ಅಂದಿನ ಚೆಕೊಸ್ಲೊವಾಕಿಯಾ ಒಪ್ಪಂದಕ್ಕೆ ಸಹಿ ಹಾಕಿದವು.

ಯೋಜನೆಯ ಎಂಜಿನಿಯರಿಂಗ್ ಅರ್ಥವಾಗದಿದ್ದರೆ ಮುಂದಿನ ಕಾನೂನು ಅರ್ಥವಾಗದು. ಹಂಗೇರಿಯ ಡುನಾಕಿಲಿಟಿ ಎಂಬಲ್ಲಿ ನದಿಗೆ ಅಡ್ಡಲಾಗಿ ಗೇಟುಗಳಿರುವ ಕಟ್ಟೆ. ಅದರ ಹಿಂದೆ ಜಲಾಶಯ. ಅಲ್ಲಿಂದ ನೀರನ್ನು ಸ್ಲೊವಾಕ್ ನೆಲದಲ್ಲಿ ತೋಡಿದ, ಸುಮಾರು 25 ಕಿಲೋಮೀಟರ್ ಉದ್ದದ ಕಾಲುವೆಗೆ ತಿರುಗಿಸುವುದು. ಕಾಲುವೆಯ ನಡುವೆ ಗಬ್ಚಿಕೊವೊದಲ್ಲಿ 720 ಮೆಗಾವಾಟ್‌ನ ವಿದ್ಯುದಾಗಾರ. ತೋಡಿದ ಕಾಲುವೆ ಎಂದೆ, ಆದರೆ ವಿದ್ಯುದಾಗಾರದ ಮೇಲ್ಭಾಗದಲ್ಲಿ ಅದು ನೆಲದ ಮೇಲೆ ಎದ್ದು ನಿಂತಿದೆ. ಏರಿಯ ಎತ್ತರ ಕೆಲವೆಡೆ 18 ಮೀಟರ್. ಪಕ್ಕದ ಹೊಲದಲ್ಲಿ ನಿಂತವರಿಗೆ ಹಡಗು ತಲೆಯ ಮೇಲಿನ ಮಟ್ಟದಲ್ಲಿ ಹೋಗುತ್ತದೆ.

ಗಬ್ಚಿಕೊವೊ ದಿನವಿಡೀ ಒಂದೇ ಸಮನೆ ಓಡಬೇಕಿರಲಿಲ್ಲ. ಬೇಡಿಕೆ ಹೆಚ್ಚಿದಾಗ ಜಲಾಶಯದ ನೀರನ್ನು ಒಮ್ಮೆಗೇ ಬಿಟ್ಟು ಗರಿಷ್ಠ ಉತ್ಪಾದನೆ, ಉಳಿದ ಹೊತ್ತು ನೀರು ತುಂಬಿಸುವುದು. ಹೀಗೆ ಮಾಡಿದರೆ ದಿನವೂ ಕೆಳಗೆ ಕೃತಕ ಅಲೆ ಏಳುತ್ತದೆ. ಅದನ್ನು ಹಿಡಿದು ಸಮ ಮಾಡಲು ನೂರಕ್ಕೂ ಹೆಚ್ಚು ಕಿಲೋಮೀಟರ್ ಕೆಳಗೆ, ಹಂಗೇರಿಯ ನೆಲದಲ್ಲಿ, ನಾಜ್‌ಮಾರೋಶ್ ಅಣೆಕಟ್ಟು. ಅಲ್ಲೂ ಸುಮಾರು 160 ಮೆಗಾವಾಟ್. ಹಾಗಾಗಿ ಮೇಲಿನದು, ಕೆಳಗಿನದು ಎರಡೂ ಸೇರಿ ಬೇರ್ಪಡಿಸಲಾಗದ ಒಂದೇ ವ್ಯವಸ್ಥೆ ಎಂದು ಒಪ್ಪಂದದ ಮೊದಲ ವಿಧಿಯೇ ಹೇಳಿತು. ಖರ್ಚು ಸಮಪಾಲು, ವಿದ್ಯುತ್ತೂ ಸಮಪಾಲು.

ಹಳೆಯ ನದೀಪಾತ್ರಕ್ಕೆ ಏನು ಉಳಿಯುತ್ತಿತ್ತು? ಬ್ರಾಟಿಸ್ಲಾವಾ ಬಳಿ ಡ್ಯಾನ್ಯೂಬ್‌ನ ಸರಾಸರಿ ಹರಿವು ಸೆಕೆಂಡಿಗೆ ಸುಮಾರು 2,000 ಘನ ಮೀಟರ್, ನಮ್ಮ ಲೆಕ್ಕದಲ್ಲಿ 70 ಸಾವಿರ ಕ್ಯೂಸೆಕ್. ಅದರಲ್ಲಿ ಹಳೆಯ ಪಾತ್ರಕ್ಕೆಂದು ಮೂಲ ಯೋಜನೆ ಇಟ್ಟದ್ದು 50 ಘನ ಮೀಟರ್, ಬೆಳೆಯ ಕಾಲದಲ್ಲಿ 200ರವರೆಗೆ. ಈ ಅಂಕಿಯನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯವಾಗುವುದು, ಇದಕ್ಕೆ ಹಂಗೇರಿಯೂ ಸಹಿ ಹಾಕಿತ್ತು ಎಂಬುದು.

ಬಿರುಕು

1980ರ ದಶಕ ಬರುವಷ್ಟರಲ್ಲಿ ಹಂಗೇರಿಯ ಬೊಕ್ಕಸ ಬರಿದಾಗಿತ್ತು. 1983ರ ಅಕ್ಟೋಬರ್‌ನಲ್ಲಿ ಎರಡೂ ದೇಶಗಳು ಕೆಲಸದ ವೇಗ ತಗ್ಗಿಸಲು ಒಪ್ಪಿದವು. ಮರುವರ್ಷ ಹಂಗೇರಿಯಲ್ಲಿ ‘ಡ್ಯಾನ್ಯೂಬ್ ವೃತ್ತ’ ಎಂಬ ಗುಂಪು ಹುಟ್ಟಿತು. ವಿರೋಧ ಪಕ್ಷವೇ ಇರದ ದೇಶದಲ್ಲಿ ಜೀವವಿಜ್ಞಾನಿಗಳು, ಬರಹಗಾರರು ಅಣೆಕಟ್ಟಿನ ನೆಪದಲ್ಲಿ ಸರ್ಕಾರವನ್ನು ಪ್ರಶ್ನಿಸತೊಡಗಿದರು. 1985ರಲ್ಲಿ ಈ ಗುಂಪಿಗೆ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂದಾಗ ವಿಷಯ ಹೊರಜಗತ್ತಿಗೂ ಗೊತ್ತಾಯಿತು.

ಅದೇ ಹೊತ್ತಿಗೆ ಮೇಲ್ಭಾಗದ ಆಸ್ಟ್ರಿಯಾದಲ್ಲಿ ಇನ್ನೊಂದು ಘಟನೆ. 1984ರ ಡಿಸೆಂಬರ್‌ನಲ್ಲಿ ಡ್ಯಾನ್ಯೂಬ್‌ನ ಹೈನ್‌ಬರ್ಗ್ ಅಣೆಕಟ್ಟಿನ ಜಾಗದ ಕಾಡಿನಲ್ಲಿ ಸಾವಿರಾರು ಜನ ಚಳಿಯಲ್ಲಿ ಠಿಕಾಣಿ ಹೂಡಿ ಕೆಲಸ ನಿಲ್ಲಿಸಿದರು. ಎರಡು ವರ್ಷದೊಳಗೆ, 1986ರಲ್ಲಿ, ಆಸ್ಟ್ರಿಯಾದ ಬ್ಯಾಂಕುಗಳು ನಾಜ್‌ಮಾರೋಶ್‌ಗೆ ಸಾಲ ಕೊಡಲು ಮುಂದೆ ಬಂದವು. ಗುತ್ತಿಗೆಯ ಬಹುಪಾಲು ಆಸ್ಟ್ರಿಯಾದ ಕಂಪನಿಗಳಿಗೆ, ಸಾಲದ ತೀರುವಳಿ ವಿದ್ಯುತ್ತಿನ ರೂಪದಲ್ಲಿ. ತಮ್ಮ ಮನೆಯಂಗಳದಲ್ಲಿ ಬೇಡವಾದದ್ದನ್ನು ನೆರೆಯವರ ಅಂಗಳದಲ್ಲಿ ಕಟ್ಟಿ ಫಲ ಉಣ್ಣುವ ಏರ್ಪಾಡು ಎಂದು ಹಂಗೇರಿಯ ಚಳವಳಿಗಾರರು ಕೆರಳಿದರೆ ಅದರಲ್ಲಿ ಅತಿಶಯವೇನಿಲ್ಲ.

ಈಗ ದಿನಾಂಕಗಳನ್ನು ಸಾಲಾಗಿ ನೋಡಬೇಕು. 1988ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನ ಬೀದಿಗಳಲ್ಲಿ ಹತ್ತಾರು ಸಾವಿರ ಜನರ ಮೆರವಣಿಗೆ. ಅಕ್ಟೋಬರ್‌ನಲ್ಲಿ ಸಂಸತ್ತು ಅಣೆಕಟ್ಟು ಮುಂದುವರಿಯಲಿ ಎಂದು ಮತ ಹಾಕಿತು. 1989ರ ಫೆಬ್ರುವರಿ 6ರಂದು ಹಂಗೇರಿ ಇನ್ನೊಂದು ಪತ್ರಕ್ಕೆ ಸಹಿ ಮಾಡಿತು: ಕೆಲಸವನ್ನು 15 ತಿಂಗಳು ಮೊದಲೇ ಮುಗಿಸುವ ಒಪ್ಪಿಗೆ. ಮೇ 13ರಂದು ಅದೇ ಸರ್ಕಾರ ನಾಜ್‌ಮಾರೋಶ್‌ನ ಕೆಲಸ ನಿಲ್ಲಿಸಿತು. ಜುಲೈನಲ್ಲಿ ನಿಲುಗಡೆ ಡುನಾಕಿಲಿಟಿಗೂ ಹಬ್ಬಿತು. ಅಕ್ಟೋಬರ್ 27ರಂದು ನಾಜ್‌ಮಾರೋಶ್ ಕೈಬಿಟ್ಟಿರುವುದಾಗಿ ಘೋಷಣೆ.

ಬೇಗ ಮುಗಿಸೋಣ ಎಂದ ಫೆಬ್ರುವರಿಯ ಆ ಸಹಿಯೇ ಪ್ರಕರಣದ ಮೊದಲ ತಿರುವು ಎಂಬುದು ನನ್ನ ಅಭಿಪ್ರಾಯ. ರಾಜಕೀಯ ಗಾಳಿ ಬದಲಾಗುತ್ತಿರುವುದು ಬುಡಾಪೆಸ್ಟ್‌ನ ಸಚಿವಾಲಯಕ್ಕೆ ಗೊತ್ತಿರಲಿಲ್ಲ ಎನ್ನಲಾಗದು. ಬೀದಿಯಲ್ಲಿ ಜನ ನಿಂತಿದ್ದರು. ಆದರೂ ಕಡತ ತನ್ನ ಪಾಡಿಗೆ ತಾನು ನಡೆಯಿತು. ಮೂರು ತಿಂಗಳ ನಂತರ ‘ಗಂಭೀರ ಅಪಾಯವಿದೆ, ನಿಲ್ಲಿಸುತ್ತಿದ್ದೇವೆ’ ಎಂದಾಗ ಎದುರು ಪಕ್ಷ ಕೇಳಬಹುದಾದ ಮೊದಲ ಪ್ರಶ್ನೆಯನ್ನು ಹಂಗೇರಿಯೇ ಬರೆದುಕೊಟ್ಟಂತಾಯಿತು.

ಅಷ್ಟರಲ್ಲಿ ನೆಲದ ಮೇಲೆ ಏನಾಗಿತ್ತು ಎಂಬುದನ್ನು ತೀರ್ಪು ಅಂಕಿಗಳಲ್ಲಿ ಕೊಡುತ್ತದೆ. 1989ರ ವಸಂತಕ್ಕೆ ಡುನಾಕಿಲಿಟಿ ಕಟ್ಟೆ ನೂರಕ್ಕೆ 90 ಭಾಗ ಮುಗಿದಿತ್ತು. ಗಬ್ಚಿಕೊವೊ 85 ಭಾಗ. ಕಾಲುವೆಯ ಮೇಲ್ಭಾಗ 95. ಕೆಳಗಿನ ನಾಜ್‌ಮಾರೋಶ್‌ನಲ್ಲಿ ಏರಿಗಳನ್ನು ಬಿಟ್ಟರೆ, ಅಣೆಕಟ್ಟಿನ ಕಡೆಯಿಂದ ಆಗಿದ್ದು ನೀರು ತಡೆಯುವ ತಾತ್ಕಾಲಿಕ ಒಡ್ಡು ಮಾತ್ರ. ಸ್ಲೊವಾಕ್ ಕಡೆ ಬಹುಪಾಲು ಹಣ ಸುರಿದಾಗಿತ್ತು. ಹಂಗೇರಿಯ ಕಡೆ ಡುನಾಕಿಲಿಟಿ ಬಿಟ್ಟರೆ, ನಾಜ್‌ಮಾರೋಶ್‌ನ ಮುಖ್ಯ ಕೆಲಸ ಶುರುವೇ ಆಗಿರಲಿಲ್ಲ. ನಿಲ್ಲಿಸುವ ಮಾತು ಒಬ್ಬರಿಗೆ ಹಗುರ, ಇನ್ನೊಬ್ಬರಿಗೆ ದಿವಾಳಿ.

ಮೂರನೆಯ ದಾರಿ

ಚೆಕೊಸ್ಲೊವಾಕಿಯಾ ಮಾತುಕತೆ ನಡೆಸುತ್ತಲೇ ತನ್ನ ಎಂಜಿನಿಯರುಗಳಿಂದ ಪರ್ಯಾಯಗಳ ಪಟ್ಟಿ ಮಾಡಿಸಿತು. ಅದರಲ್ಲಿ ಆರಿಸಿದ್ದು ‘ವೇರಿಯಂಟ್ ಸಿ’. ಡುನಾಕಿಲಿಟಿಯಿಂದ ಸುಮಾರು ಹತ್ತು ಕಿಲೋಮೀಟರ್ ಮೇಲೆ ಚುನೊವೊ ಎಂಬಲ್ಲಿ ನದಿಯ ಎರಡೂ ದಂಡೆ ಸ್ಲೊವಾಕ್ ನೆಲದಲ್ಲೇ ಇವೆ. ಅಲ್ಲಿ ಕಟ್ಟೆ ಕಟ್ಟಿದರೆ ಹಂಗೇರಿಯ ಒಂದಿಂಚು ನೆಲ ಮುಟ್ಟಬೇಕಿಲ್ಲ, ಅನುಮತಿಯೂ ಬೇಕಿಲ್ಲ, ಈಗಾಗಲೇ ಮುಗಿದ ಕಾಲುವೆಗೆ ನೀರು ಸಿಗುತ್ತದೆ. 1991ರ ನವೆಂಬರ್‌ನಲ್ಲಿ ಕೆಲಸ ಆರಂಭವಾಯಿತು.

ಯುರೋಪಿಯನ್ ಸಮುದಾಯ ಮಧ್ಯಸ್ಥಿಕೆಗೆ ಸಿದ್ಧವಿತ್ತು. ಅದರ ಷರತ್ತು ಒಂದೇ: ಸಂಧಾನ ನಡೆಯುವಾಗ ಹಿಂದಿರುಗಿಸಲಾಗದ ಹೆಜ್ಜೆಯನ್ನು ಯಾರೂ ಇಡಬಾರದು. ಪ್ರಾಗ್ ಮತ್ತು ಬ್ರಾಟಿಸ್ಲಾವಾಗಳಿಂದ ಕೆಲಸ ನಿಲ್ಲಿಸುವ ಭರವಸೆ ಬರಲಿಲ್ಲ. 1992ರ ಮೇ 19ರಂದು ಹಂಗೇರಿ 1977ರ ಒಪ್ಪಂದವನ್ನೇ ರದ್ದು ಮಾಡುವ ಪತ್ರ ಕಳಿಸಿತು. ಆರು ದಿನಕ್ಕೆ, ಮೇ 25ರಿಂದ ಜಾರಿ. ಇದು ಎರಡನೆಯ ತಿರುವು. ರದ್ದತಿಗೆ ಕೊಟ್ಟ ಕಾರಣಗಳಲ್ಲಿ ಚೆಕೊಸ್ಲೊವಾಕಿಯಾ ವೇರಿಯಂಟ್ ಸಿ ಮೂಲಕ ಒಪ್ಪಂದ ಮುರಿದಿದೆ ಎಂಬುದೂ ಒಂದು. ಆದರೆ ಆ ಮೇ ತಿಂಗಳಲ್ಲಿ ಕಟ್ಟೆ ಕಟ್ಟುವ ಕೆಲಸ ನಡೆದಿತ್ತು ಅಷ್ಟೆ, ಒಂದು ಹನಿ ನೀರೂ ತಿರುಗಿರಲಿಲ್ಲ. ಐದು ವರ್ಷಗಳ ನಂತರ ನ್ಯಾಯಾಲಯ ಇದನ್ನೇ ಹಿಡಿದು, ಮುರಿಯುವ ಮೊದಲೇ ಮುರಿದರು ಎಂದು ರದ್ದು ಮಾಡಿದ್ದು ಅಕಾಲಿಕ ಎಂದಿತು.

ಮೂರನೆಯ ತಿರುವು ಅಕ್ಟೋಬರ್‌ನದು. 23ರಂದು ಚುನೊವೊದಲ್ಲಿ ನದಿ ಮುಚ್ಚುವ ಕೆಲಸ ಶುರುವಾಯಿತು. ಅದೇ ದಿನ ಹಂಗೇರಿ ಹೇಗ್‌ಗೆ ಅರ್ಜಿ ಹಾಕಿತು. ಆದರೆ ಅಂತಾರಾಷ್ಟ್ರೀಯ ನ್ಯಾಯಾಲಯ ಎರಡೂ ಕಡೆಯ ಒಪ್ಪಿಗೆ ಇಲ್ಲದೆ ಕೈಹಾಕುವಂತಿಲ್ಲ, ಚೆಕೊಸ್ಲೊವಾಕಿಯಾ ಒಪ್ಪಿರಲಿಲ್ಲ. ತಡೆಯಾಜ್ಞೆಯ ಪ್ರಶ್ನೆಯೇ ಬರಲಿಲ್ಲ. 28ರಂದು ಲಂಡನ್‌ನಲ್ಲಿ ಯುರೋಪಿಯನ್ ಸಮುದಾಯದ ಎದುರು ಸಭೆ ಸೇರಿ, ಹರಿವಿನ ನೂರಕ್ಕೆ 95 ಭಾಗ ಹಳೆಯ ಪಾತ್ರದಲ್ಲೇ ಉಳಿಯುವಂತೆ ನೋಡಿಕೊಳ್ಳುವ ಮಾತಾಯಿತು. ಅಷ್ಟರಲ್ಲಿ ನದಿ ಮುಚ್ಚಿಯಾಗಿತ್ತು. ಮಾತು ಪಾಲನೆಯಾಗಲಿಲ್ಲ. ಹರಿವಿನ ನೂರಕ್ಕೆ 80ರಿಂದ 90 ಭಾಗ ಕಾಲುವೆಗೆ ಹೋಯಿತು.

ಸಿಗೆತ್‌ಕೊಜ್ ಎಂಬ ಹಂಗೇರಿಯ ದ್ವೀಪಪ್ರದೇಶದಲ್ಲಿ ಕವಲುಗಳು ಬತ್ತಿದವು. ಮೀನು ಹಿಡಿಯುವ ತಾಣಗಳಲ್ಲಿ ಜಲ್ಲಿ ಕಾಣತೊಡಗಿತು. ಅತ್ತ ಸ್ಲೊವಾಕ್ ದಡದಲ್ಲಿ ವೊಯ್ಕಾ ಮತ್ತು ಅದರ ನೆರೆಯ ಎರಡು ಹಳ್ಳಿಗಳು ಒಂದು ಕಡೆ ಹಳೆಯ ನದಿ, ಇನ್ನೊಂದು ಕಡೆ ಎತ್ತರದ ಕಾಲುವೆ, ನಡುವಿನ ಪಟ್ಟಿಯಲ್ಲಿ ಸಿಕ್ಕಿಕೊಂಡವು. ಕಾಲುವೆ ದಾಟಲು ಅವರಿಗೆಂದು ಉಚಿತ ಫೆರಿ ಇಟ್ಟರು. ಆ ಹಳ್ಳಿಗಳಲ್ಲಿ ಹಂಗೇರಿಯನ್ ಮಾತಾಡುವವರೇ ಹೆಚ್ಚು. ತಾಂತ್ರಿಕ ಜಗಳಕ್ಕೆ ಭಾಷೆಯ ಜಗಳವೂ ಸೇರಿಕೊಂಡಿತು.

ಎರಡು ತಿಂಗಳಲ್ಲಿ, 1993ರ ಜನವರಿ 1ರಂದು, ಚೆಕೊಸ್ಲೊವಾಕಿಯಾ ಎಂಬ ದೇಶವೇ ಇಲ್ಲವಾಯಿತು. ಯೋಜನೆ ಸ್ಲೊವಾಕಿಯಾದ ಪಾಲಿಗೆ ಬಂತು. ಹೊಸ ದೇಶಕ್ಕೆ ಗಬ್ಚಿಕೊವೊ ಸ್ವಾತಂತ್ರ್ಯದ ಗುರುತೂ ಆಗಿದ್ದರಿಂದ ಹಿಂದೆ ಸರಿಯುವ ಮಾತೇ ಇರಲಿಲ್ಲ. 1993ರ ಏಪ್ರಿಲ್ 7ರಂದು ಇಬ್ಬರೂ ಸೇರಿ ವಿವಾದವನ್ನು ಹೇಗ್‌ಗೆ ಒಪ್ಪಿಸುವ ವಿಶೇಷ ಕರಾರಿಗೆ ಸಹಿ ಹಾಕಿದರು.

ಸಣ್ಣ ಕರಾರು

ವಿಚಾರಣೆಯ ನಡುವೆ ನಡೆದ ಒಂದು ಸಂಗತಿಗೆ ತೀರ್ಪಿನಷ್ಟು ಪ್ರಚಾರ ಸಿಕ್ಕಿಲ್ಲ. ನಾನು ಅದನ್ನು ತೀರ್ಪಿಗಿಂತ ಮೇಲೆ ಇಡುತ್ತೇನೆ. 1995ರ ಏಪ್ರಿಲ್ 19ರಂದು ಎರಡೂ ಸರ್ಕಾರಗಳು ನೀರಿನ ಮಟ್ಟಿಗೆ ತಾತ್ಕಾಲಿಕ ಒಪ್ಪಂದ ಮಾಡಿಕೊಂಡವು. ಹಕ್ಕು ಯಾರದು, ತಪ್ಪು ಯಾರದು ಎಂಬ ಮಾತೇ ಅದರಲ್ಲಿಲ್ಲ. ಹಳೆಯ ಪಾತ್ರಕ್ಕೆ ವರ್ಷದ ಸರಾಸರಿಯಲ್ಲಿ ಸೆಕೆಂಡಿಗೆ 400 ಘನ ಮೀಟರ್, ಅಂದರೆ 14 ಸಾವಿರ ಕ್ಯೂಸೆಕ್. ಮೊಶೋನಿ ಡ್ಯಾನ್ಯೂಬ್ ಎಂಬ ಕವಲಿಗೆ 43 ಘನ ಮೀಟರ್. ಎರಡೂ ಕಡೆಯವರು ಸೇರಿ ಅಳತೆ ಮಾಡುವುದು, ವರದಿ ಒಟ್ಟಿಗೆ ಬರೆಯುವುದು.

400 ಘನ ಮೀಟರ್ ದೊಡ್ಡ ಪಾತ್ರದ ತಳದಲ್ಲಿ ಹರಿದುಹೋದರೆ ದಂಡೆಯ ಕವಲುಗಳಿಗೆ ಹತ್ತುವುದಿಲ್ಲ. ಅದಕ್ಕೆ ಹಂಗೇರಿ ಡುನಾಕಿಲಿಟಿಯ ಹತ್ತಿರ ನದಿಯ ತಳದಲ್ಲೇ ಕಲ್ಲಿನ ತಗ್ಗು ಒಡ್ಡು ಹಾಕಿತು. ನೀರು ಅದರ ಹಿಂದೆ ಏರಿ ನಿಂತು, ತಾನಾಗಿ ಸಿಗೆತ್‌ಕೊಜ್‌ನ ಕವಲುಗಳಿಗೆ ನುಗ್ಗಿತು. ಇಡೀ ಯೋಜನೆಯ ಮುಖ್ಯ ಕಟ್ಟೆಯಾಗಿ ಕಟ್ಟಿ, ಗೇಟು ಒಮ್ಮೆಯೂ ಉದ್ದೇಶಿತ ಕೆಲಸಕ್ಕೆ ಬಾರದೆ ನಿಂತಿದ್ದ ಡುನಾಕಿಲಿಟಿಗೆ ಕೊನೆಗೆ ಸಿಕ್ಕ ಕೆಲಸ ಅದು. ಹೇಗ್‌ನ ತೀರ್ಪು ಬಂದ 14 ದಿನಕ್ಕೆ ಮುಗಿಯಬೇಕಿದ್ದ ಈ ಕರಾರು ಆಮೇಲೂ ಮುಂದುವರಿಯಿತು. ಹಳೆಯ ನದಿಗೆ ಬರುವ ನೀರನ್ನು ನಿಜದಲ್ಲಿ ನಿಯಂತ್ರಿಸಿದ ಕಾಗದ ಇದೇ.

ಹೇಗ್‌ನಲ್ಲಿ

1997ರ ಏಪ್ರಿಲ್ 1ರಿಂದ 4ರವರೆಗೆ ನ್ಯಾಯಾಧೀಶರು ನದಿಯನ್ನೇ ನೋಡಲು ಬಂದರು. ಆ ನ್ಯಾಯಾಲಯದ ಇತಿಹಾಸದಲ್ಲಿ ಮೊದಲ ಸ್ಥಳ ಪರಿಶೀಲನೆ. ಐದು ತಿಂಗಳ ನಂತರದ ತೀರ್ಪು ಇಬ್ಬರನ್ನೂ ತಪ್ಪಿತಸ್ಥರೆಂದಿತು.

ಹಂಗೇರಿಯ ಮುಖ್ಯ ವಾದ ‘ಅನಿವಾರ್ಯತೆ’. ಗಂಭೀರ ಅಪಾಯ ಎದುರಾದಾಗ ಒಪ್ಪಂದ ಪಾಲಿಸದಿದ್ದರೂ ದೇಶವನ್ನು ಹೊಣೆ ಮಾಡಬಾರದು ಎಂಬ ತತ್ವ. ಅಂಥ ತತ್ವ ಇದೆ ಎಂದು ನ್ಯಾಯಾಲಯ ಒಪ್ಪಿತು. ಪರಿಸರವೂ ದೇಶದ ಮೂಲಭೂತ ಹಿತಾಸಕ್ತಿಯೇ ಎಂದೂ ಒಪ್ಪಿತು. ಇದು ಚಿಕ್ಕ ಮಾತಲ್ಲ. ಆದರೆ ಅಪಾಯ ಖಚಿತವಾಗಿರಬೇಕು, ಕಣ್ಣೆದುರು ಬಂದು ನಿಂತಿರಬೇಕು, ಬೇರೆ ದಾರಿ ಇರಬಾರದು. ಬುಡಾಪೆಸ್ಟ್‌ಗೆ ಬೇಕಾದ ನೀರಿನ ಮೂರನೇ ಎರಡು ಪಾಲು ನದೀದಂಡೆಯ ಬಾವಿಗಳಿಂದ ಬರುತ್ತದೆ, ನಾಜ್‌ಮಾರೋಶ್ ಆದರೆ ಅವು ಕೆಡುತ್ತವೆ ಎಂದು ಹಂಗೇರಿ ಹೇಳಿತ್ತು. ನಿಧಾನಕ್ಕೆ ಕೆಡಬಹುದು, ಅದನ್ನು ತಡೆಯಲು ಬೇರೆ ಕ್ರಮಗಳೂ ಇದ್ದವು ಎಂದು ಪೀಠ ಕಂಡುಕೊಂಡಿತು. 1983ರಲ್ಲಿ ನಿಧಾನ ಮಾಡಿ, 1989ರ ಫೆಬ್ರುವರಿಯಲ್ಲಿ ಬೇಗ ಮಾಡಿ, ಮೇ ತಿಂಗಳಲ್ಲಿ ನಿಲ್ಲಿಸಿದವರ ಬಾಯಲ್ಲಿ ಅನಿವಾರ್ಯತೆಯ ಮಾತು ಗಟ್ಟಿಯಾಗಿ ನಿಲ್ಲಲಿಲ್ಲ. ಕೆಲಸ ನಿಲ್ಲಿಸುವ ಹಕ್ಕು ಹಂಗೇರಿಗೆ ಇರಲಿಲ್ಲ: ಒಂದರ ವಿರುದ್ಧ 14 ಮತ.

ವೇರಿಯಂಟ್ ಸಿ ಬಗ್ಗೆ ತೀರ್ಪು ಎರಡಾಗಿ ಸೀಳಿತು. ಕಟ್ಟಿದ್ದು ತಪ್ಪಲ್ಲ, ಆರರ ವಿರುದ್ಧ 9 ಮತ. ಓಡಿಸಿದ್ದು ತಪ್ಪು, ಐದರ ವಿರುದ್ಧ 10. ನದಿ ತಿರುಗಿಸಲೆಂದೇ ಕಟ್ಟುವ ಕಟ್ಟೆಯನ್ನು ಕಟ್ಟಬಹುದು, ಆದರೆ ತಿರುಗಿಸಬಾರದು ಎಂಬ ಈ ಗೆರೆ ಕಾನೂನಿನ ತರ್ಕದಲ್ಲಿ ಸರಿಯಿರಬಹುದು. ಕೆಳದಂಡೆಯಲ್ಲಿ ಕೂತವರಿಗೆ ಅದರಿಂದ ಆಗುವ ಉಪಯೋಗ ಬಹಳ ಕಡಿಮೆ, ಏಕೆಂದರೆ ಕಟ್ಟೆ ಎದ್ದ ಮೇಲೆ ಗೇಟು ಇಳಿಸಲು ಕೆಲವೇ ದಿನ ಸಾಕು. ಹಂಗೇರಿ ಮೊದಲು ತಪ್ಪಿದ್ದಕ್ಕೆ ಇದು ಪ್ರತಿಕ್ರಮ ಎಂಬ ಸ್ಲೊವಾಕಿಯಾದ ವಾದವನ್ನೂ ಪೀಠ ತಳ್ಳಿತು. ಹಂಚಿಕೊಂಡ ನದಿಯಲ್ಲಿ ಪ್ರತಿ ದೇಶಕ್ಕೂ ನ್ಯಾಯಯುತ, ಸಮಂಜಸ ಪಾಲಿದೆ. ಎದುರಿನವರು ತಪ್ಪಿದರೆಂದು ಅವರ ಇಡೀ ಪಾಲನ್ನು ಕಸಿಯುವುದು ತಪ್ಪಿಗೆ ಮೀರಿದ ಶಿಕ್ಷೆ. ಈ ಮಾತಿಗೆ ಆಧಾರವಾಗಿ ಪೀಠ ಉಲ್ಲೇಖಿಸಿದ್ದು ಅದೇ ವರ್ಷದ ಮೇ 21ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಜಲಮಾರ್ಗಗಳ ಸಮಾವೇಶವನ್ನು. ನಾಲ್ಕು ತಿಂಗಳ ಹಿಂದೆ ಹುಟ್ಟಿದ, ಇನ್ನೂ ಜಾರಿಯಾಗದ ದಾಖಲೆ ಅದು. ಜಾರಿಗೆ ಬಂದದ್ದು 2014ರಲ್ಲಿ. ಮಹಾಸಭೆಯಲ್ಲಿ ಚೀನಾ, ಟರ್ಕಿ, ಬುರುಂಡಿ ವಿರುದ್ಧ ಮತ ಹಾಕಿದ್ದವು, ಭಾರತ ಮತ್ತು ಪಾಕಿಸ್ತಾನ ಎರಡೂ ತಟಸ್ಥವಾಗಿದ್ದವು.

1992ರ ರದ್ದತಿ ಪತ್ರಕ್ಕೆ ಬೆಲೆಯಿಲ್ಲ, ನಾಲ್ಕರ ವಿರುದ್ಧ 11 ಮತ. ಪರಿಸ್ಥಿತಿ ಮೂಲದಿಂದ ಬದಲಾಗಿದೆ ಎಂಬ ವಾದವೂ ಬಿತ್ತು. ಕಮ್ಯುನಿಸ್ಟ್ ಆಡಳಿತ ಹೋದದ್ದು, ವಿದ್ಯುತ್ತಿನ ಲಾಭ ಕುಗ್ಗಿದ್ದು, ಪರಿಸರದ ತಿಳಿವಳಿಕೆ ಬೆಳೆದದ್ದು, ಇವು ಯಾವುವೂ ಒಪ್ಪಂದದ ಬುಡವನ್ನೇ ಕೀಳುವಷ್ಟು ದೊಡ್ಡವಲ್ಲ ಎಂಬುದು ನಿರ್ಣಯ. ದೇಶ ಒಡೆದರೂ ಒಪ್ಪಂದ ಉಳಿಯುತ್ತದೆ, ನದಿಯ ಒಪ್ಪಂದ ನೆಲಕ್ಕೆ ಅಂಟಿದ್ದು ಎಂದೂ ಹೇಳಿತು.

ಪೀಠದ ಉಪಾಧ್ಯಕ್ಷರಾಗಿದ್ದ ಶ್ರೀಲಂಕಾದ ನ್ಯಾಯಾಧೀಶರು ಬರೆದ ಪ್ರತ್ಯೇಕ ಅಭಿಪ್ರಾಯವನ್ನು ನಮ್ಮ ಕಡೆಯವರು ಓದಬೇಕು. ಸುಸ್ಥಿರ ಅಭಿವೃದ್ಧಿ ಹೊಸ ಕಲ್ಪನೆಯಲ್ಲ ಎನ್ನಲು ಅವರು ಕೊಟ್ಟ ಉದಾಹರಣೆ ತಮ್ಮ ನಾಡಿನ ಕೆರೆಗಳದು. ಹೂಳು ತಡೆಯಲೆಂದೇ ಕಟ್ಟಿದ ಸಣ್ಣ ಕೆರೆಗಳು, ಊರಿನ ಮೇಲೆ ಕಾಡಿನೊಳಗೆ ಪ್ರಾಣಿಗಳಿಗೆಂದೇ ಬಿಟ್ಟ ಕೆರೆಗಳು. ಯುರೋಪಿನ ನದಿಯ ವ್ಯಾಜ್ಯದಲ್ಲಿ ಕೆರೆ–ತೂಬಿನ ನಾಡಿನ ತಿಳಿವಳಿಕೆ ಸಾಕ್ಷಿಗೆ ನಿಂತದ್ದು ನನಗೆ ಖುಷಿ ಕೊಟ್ಟ ಸಂಗತಿ.

ಆಮೇಲೆ ಆದದ್ದು

ಮುಂದೇನು ಎಂಬುದಕ್ಕೆ ಪೀಠ ಕೊಟ್ಟ ಉತ್ತರ: ಒಪ್ಪಂದ ಜೀವಂತವಿದೆ, ಆದರೆ 1989ರ ನಂತರ ನೆಲದ ಮೇಲೆ ಆದದ್ದನ್ನು ಒಪ್ಪಿಕೊಂಡು ನಡೆಯಿರಿ. ನಾಜ್‌ಮಾರೋಶ್ ಕಟ್ಟಬೇಕಿಲ್ಲ. ಅಲೆ ಎಬ್ಬಿಸುವ ಗರಿಷ್ಠ ಉತ್ಪಾದನೆ ಇಲ್ಲ. ಗಬ್ಚಿಕೊವೊ ಉಳಿಯಲಿ, ಅದರ ನಿರ್ವಹಣೆಯಲ್ಲಿ ಹಂಗೇರಿಗೂ ಪಾಲಿರಲಿ. ಪರಿಹಾರದ ಲೆಕ್ಕ ಇಬ್ಬರ ಮೇಲೂ ಬರುವುದರಿಂದ ವಜಾ ಹಾಕಿಕೊಂಡು ಬಿಟ್ಟುಬಿಡಬಹುದು. ಉಳಿದದ್ದನ್ನು ಕೂತು ಮಾತಾಡಿ.

1998ರ ಮೊದಲ ತಿಂಗಳುಗಳಲ್ಲಿ ಸಂಧಾನಕಾರರು ಒಂದು ಚೌಕಟ್ಟಿನ ಕರಡಿಗೆ ಕಿರುಸಹಿ ಹಾಕಿದರು. ಅದರಲ್ಲಿ ಕೆಳಗೊಂದು ಅಣೆಕಟ್ಟಿನ ಮಾತು ಮತ್ತೆ ಇಣುಕಿತ್ತು. ಬುಡಾಪೆಸ್ಟ್‌ನಲ್ಲಿ ಜನ ಮತ್ತೆ ಬೀದಿಗೆ ಬಂದರು, ಮೇ ತಿಂಗಳ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ಹೊಸ ಸರ್ಕಾರ ಕರಡನ್ನು ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ಸ್ಲೊವಾಕಿಯಾ ಹೆಚ್ಚುವರಿ ತೀರ್ಪು ಕೇಳಿ ಹೇಗ್‌ಗೆ ಮರಳಿತು. ಆ ಅರ್ಜಿ ಮುಂದಕ್ಕೆ ಹೋಗಲೇ ಇಲ್ಲ. 2004ರಲ್ಲಿ ಎರಡೂ ದೇಶಗಳು ಒಂದೇ ದಿನ ಯುರೋಪಿಯನ್ ಒಕ್ಕೂಟ ಸೇರಿದವು. 2017ರಲ್ಲಿ ಸ್ಲೊವಾಕಿಯಾ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ನೀರು ಇಂದಿಗೂ ಚುನೊವೊದಲ್ಲಿ ತಿರುಗುತ್ತಿದೆ.

ಏನು ಕಲಿಯಬಹುದು

ಈ ಪ್ರಕರಣದಿಂದ ‘ಒಪ್ಪಂದ ಮುರಿಯಬಾರದು’ ಎಂಬ ಪಾಠ ಹೇಳುವವರು ಹೆಚ್ಚು. ನಾನು ಗಮನಿಸುವುದು ಬೇರೊಂದನ್ನು. 1977ರ ಒಪ್ಪಂದದಲ್ಲಿ ರದ್ದತಿಯ ವಿಧಿ ಇರಲಿಲ್ಲ. ಆದರೆ 15 ಮತ್ತು 19ನೇ ವಿಧಿಗಳಲ್ಲಿ ನೀರಿನ ಗುಣಮಟ್ಟ ಮತ್ತು ಪ್ರಕೃತಿಯ ರಕ್ಷಣೆಗೆ ಇಬ್ಬರೂ ಬದ್ಧರು ಎಂದಿತ್ತು. ಈ ವಿಧಿಗಳ ಮೂಲಕ ಕಾಲಕಾಲದ ಹೊಸ ಪರಿಸರ ನಿಯಮಗಳನ್ನು ಒಪ್ಪಂದದ ಒಳಗೆ ತರಬಹುದು, ಒಪ್ಪಂದ ಕಲ್ಲಿನಂತೆ ಜಡವಲ್ಲ ಎಂದು ನ್ಯಾಯಾಲಯ ಹೇಳಿತು. ಅಂದರೆ ಹಂಗೇರಿಗೆ ಬೇಕಿದ್ದ ಬಾಗಿಲು ಒಪ್ಪಂದದ ಒಳಗೇ ಇತ್ತು. 1989ರಲ್ಲಿ 15ನೇ ವಿಧಿಯಡಿ ಜಂಟಿ ಅಧ್ಯಯನ ಕೇಳಿ, ಅದು ಮುಗಿಯುವವರೆಗೆ ಕಾಮಗಾರಿಯ ವೇಳಾಪಟ್ಟಿ ಬದಲಿಸಲು ಒತ್ತಾಯಿಸಿದ್ದರೆ ತಪ್ಪಿನ ಹೊರೆ ಇನ್ನೊಂದು ಕಡೆ ಬೀಳುತ್ತಿತ್ತು. ಬೀದಿಯ ಒತ್ತಡದಲ್ಲಿದ್ದ ಸರ್ಕಾರಕ್ಕೆ ಆ ತಾಳ್ಮೆ ಇರುತ್ತಿತ್ತೇ ಎಂಬುದು ಬೇರೆ ಮಾತು.

ಕಾವೇರಿಯ 1924ರ ಒಪ್ಪಂದದಲ್ಲಿ 50 ವರ್ಷಗಳ ನಂತರ ಮರುಪರಿಶೀಲನೆಯ ಮಾತಿತ್ತು. ಕೃಷ್ಣಾ ನದಿಯ ಮೊದಲ ನ್ಯಾಯಮಂಡಳಿಯ ಐತೀರ್ಪು 2000ದ ಮೇ 31ರ ನಂತರ ಮರುಪರಿಶೀಲನೆಗೆ ತೆರೆದುಕೊಂಡಿತ್ತು. ಆ ಸಾಲುಗಳಿಂದಲೂ ಜಗಳ ಹುಟ್ಟಿತು ನಿಜ, ಆದರೆ ಜಗಳಕ್ಕೆ ಒಂದು ದಿನಾಂಕ, ಒಂದು ವೇದಿಕೆ ಇತ್ತು. ಡ್ಯಾನ್ಯೂಬ್ ಒಪ್ಪಂದ ಬರೆದವರು ಆ ಒಂದು ಸಾಲು ಬರೆಯಲಿಲ್ಲ.

ಎರಡನೆಯದು ಹೊತ್ತಿನ ಪ್ರಶ್ನೆ. ಕಟ್ಟೆ ಎದ್ದು ನೀರು ತಿರುಗಿದ ಮೇಲೆ ಯಾವ ನ್ಯಾಯಾಲಯವೂ ಅದನ್ನು ಒಡೆಯಿರಿ ಎನ್ನಲು ಹಿಂಜರಿಯುತ್ತದೆ. ಕೆಳಗಿನವರ ಕೈಯಲ್ಲಿ ಬಲ ಇರುವುದು ಗೇಟು ಇಳಿಯುವ ಮೊದಲು ಮಾತ್ರ, ಆಗಲೇ ಬಾಗಿಲು ತಟ್ಟಲು ಒಂದು ವೇದಿಕೆ ಒಪ್ಪಂದದಲ್ಲೇ ಬರೆದಿರಬೇಕು. ಸಿಂಧೂ ಜಲ ಒಪ್ಪಂದದಲ್ಲಿ ಅದಿತ್ತು. ಜಮ್ಮು–ಕಾಶ್ಮೀರದಲ್ಲಿ ಭಾರತ ಕಟ್ಟುತ್ತಿದ್ದ ಕಿಶನ್‌ಗಂಗಾ ಜಲವಿದ್ಯುತ್ ಯೋಜನೆಯ ವಿವಾದದಲ್ಲಿ ಪಾಕಿಸ್ತಾನ 2010ರಲ್ಲಿ ಮಧ್ಯಸ್ಥಿಕೆ ಕೋರಿತು, 2011ರ ಸೆಪ್ಟೆಂಬರ್‌ನಲ್ಲೇ ನದಿಯ ಹರಿವು ಮರಳಿಸಲು ಅಡ್ಡಿಯಾಗುವ ಶಾಶ್ವತ ಕಾಮಗಾರಿ ಬೇಡ ಎಂಬ ಮಧ್ಯಂತರ ಆದೇಶ ಬಂತು. 2013ರಲ್ಲಿ ನೀರು ತಿರುಗಿಸುವ ಭಾರತದ ಹಕ್ಕನ್ನು ಎತ್ತಿಹಿಡಿದ ಮಂಡಳಿ, ಕೆಳಗೆ ಸೆಕೆಂಡಿಗೆ ಕನಿಷ್ಠ 9 ಘನ ಮೀಟರ್, ಸುಮಾರು 318 ಕ್ಯೂಸೆಕ್ ಬಿಡಬೇಕು ಎಂದಿತು. 1960ರ ಒಪ್ಪಂದಕ್ಕೆ ಇಂದಿನ ಪರಿಸರ ನಿಯಮ ಅನ್ವಯಿಸಲು ಮಂಡಳಿ ಆಧಾರ ಮಾಡಿಕೊಂಡವುಗಳಲ್ಲಿ ಡ್ಯಾನ್ಯೂಬ್ ತೀರ್ಪೂ ಒಂದು.

ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್‌ನಲ್ಲಿ, ಭಾರತ ಸಿಂಧೂ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟಿತು. ಅಂದಿನಿಂದ ಈ ಹಳೆಯ ತೀರ್ಪನ್ನು ಮತ್ತೆ ತೆರೆದು ಓದಲು ನಮಗೂ ಕಾರಣ ಸಿಕ್ಕಿದೆ. ಸಿಂಧೂ ಒಪ್ಪಂದದಲ್ಲೂ ಏಕಪಕ್ಷೀಯವಾಗಿ ಹೊರಬರುವ ವಿಧಿ ಇಲ್ಲ. ಇನ್ನೊಂದು ಒಪ್ಪಂದದಿಂದಲೇ ಅದು ಕೊನೆಯಾಗಬೇಕು ಎಂದು 12ನೇ ವಿಧಿ ಹೇಳುತ್ತದೆ. ಒಪ್ಪಂದಗಳ ಕಾನೂನಿನ ವಿಯೆನ್ನಾ ಸಮಾವೇಶಕ್ಕೆ ಭಾರತ ಸಹಿ ಹಾಕಿಲ್ಲ ಎಂಬ ಮಾತು ಚರ್ಚೆಯಲ್ಲಿ ಬರುತ್ತದೆ. ಆದರೆ ಒಪ್ಪಂದ ಉಲ್ಲಂಘನೆ, ಪರಿಸ್ಥಿತಿಯ ಬದಲಾವಣೆ ಕುರಿತ ಅದರ ವಿಧಿಗಳು ಬಹುಮಟ್ಟಿಗೆ ರೂಢಿಗತ ಕಾನೂನೇ (ಅಂದರೆ ಸಹಿ ಹಾಕದ ದೇಶಕ್ಕೂ ಅನ್ವಯಿಸುವಂಥದ್ದು) ಎಂದು ಡ್ಯಾನ್ಯೂಬ್ ತೀರ್ಪು ಹೇಳಿಬಿಟ್ಟಿದೆ. ಹಂಗೇರಿ ಮುಂದಿಟ್ಟ ಕಾರಣ ಪರಿಸರ ಮತ್ತು ಆರ್ಥಿಕತೆ, ಭಾರತ ಮುಂದಿಡುವ ಕಾರಣ ಭದ್ರತೆ ಮತ್ತು ಗಡಿಯಾಚೆಯ ಭಯೋತ್ಪಾದನೆ. ಬದಲಾದ ಪರಿಸ್ಥಿತಿ ಒಪ್ಪಂದದ ಉದ್ದೇಶಕ್ಕೆ ಎಷ್ಟು ಹತ್ತಿರದ ನಂಟು ಹೊಂದಿದೆ ಎಂಬ ಅಳತೆಗೋಲನ್ನು ಹೇಗ್ 1997ರಲ್ಲಿ ಬಹಳ ಬಿಗಿಯಾಗಿ ಹಿಡಿದಿತ್ತು. ಭದ್ರತೆಯ ವಾದ ಆ ಅಳತೆಯಲ್ಲಿ ನಿಲ್ಲುತ್ತದೆಯೇ ಎಂಬುದನ್ನು ಯಾವ ನದಿಯ ಪ್ರಕರಣದಲ್ಲೂ ಆ ನ್ಯಾಯಾಲಯ ಇನ್ನೂ ಪರೀಕ್ಷಿಸಿಲ್ಲ.